ಅಕ್ಕನ ಕೆರೆಯ ಬಗ್ಗೆ ನಾನಾಡಿದ ಮಾತು

ತುಮಕೂರಿನ ನಮ್ಮ ಮನೆಯಲ್ಲಿ ವಾಷಿಂಗ್ ಮೆಷೀನಿನ ಮೇಲೆ ಯಾವಾಗ ನೋಡಿದರೂ ನಾಲ್ಕಾರು ಬಾಟಲಿ ನೀರು ಕೂತಿರುತ್ತವೆ. ಎಲ್ಲ ನೆಂಟರು ತಂದಿಟ್ಟು ಹೋದದ್ದು. ಹೊಸದಾಗಿ ಬೋರ್ ಕೊರೆಸಿದವರು, ಹಾಲು ಒಡೆಯುತ್ತದೆ ಎನ್ನುವವರು, ಸೊಸೆಗೆ ಕೂದಲು ಉದುರುತ್ತದೆ ಎನ್ನುವವರು, ಎಲ್ಲರೂ ಒಂದೊಂದು ಬಾಟಲಿ ಹಿಡಿದುಕೊಂಡು ಬರುತ್ತಾರೆ. "ನಮ್ ಹುಡ್ಗೀನೇ ನೀರಿನ್ ಡಾಕ್ಟ್ರು, ಒಂದ್ ಕಿತಾ ನೋಡ್ಬುಡ್ಲಿ" ಎಂದು ಕಾಫಿ ಕುಡಿದು ಹೊರಟುಬಿಡುತ್ತಾರೆ. ಕುಡಿಯುವ ನೀರು ಪರೀಕ್ಷೆ ಮಾಡುವುದು ನನ್ನ ಕೆಲಸವಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಒಂದೆರಡು ಸಲ ಮುಖಕ್ಕೆ ಹೊಡೆದ ಹಾಗೆ ಹೇಳಿಯೂ ಇದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಊರಿಗೆಲ್ಲ ಗೊತ್ತು.

ನಾನು ನೋಡುವುದು ಕೆರೆಗಳನ್ನು. ಅದರಲ್ಲೂ ಕೆರೆಯ ತಳದ ಕೆಸರನ್ನು. ಕೆರೆ ಒಣಗಿದಾಗ ಅದರಲ್ಲಿದ್ದ ಜೀವವೆಲ್ಲ ಹೋಯಿತು ಎಂದು ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ನೀರು ಇಂಗುವ ಮುಂಚೆ ನೀರುಚಿಗಟದಂಥ ಸಣ್ಣ ಜೀವಿಗಳು ಗಟ್ಟಿ ಸಿಪ್ಪೆಯ ಮೊಟ್ಟೆಗಳನ್ನು ಕೆಸರಿನ ಮೇಲ್ಪದರದಲ್ಲಿ ಬಿಟ್ಟು ಸಾಯುತ್ತವೆ. ಬಿತ್ತನೆ ರಾಗಿಯನ್ನು ಮಡಕೆಯಲ್ಲಿ ಎತ್ತಿಟ್ಟ ಹಾಗೆ ಆ ಮೊಟ್ಟೆಗಳು ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತವೆ. ನೀರು ಬಂದ ಕೆಲವೇ ದಿನಗಳಲ್ಲಿ ಒಡೆಯುತ್ತವೆ. ಅವನ್ನು ತಿನ್ನಲು ಮೀನುಮರಿ, ಮೀನಿಗೆ ಕೊಕ್ಕರೆ, ಹೀಗೆ ಇಡೀ ಕೆರೆ ಎದ್ದು ಕೂರುತ್ತದೆ. ಏಟು ತಿಂದರೂ ಮತ್ತೆ ಎದ್ದು ನಿಲ್ಲುವ ಈ ಗುಣಕ್ಕೆ ನಮ್ಮ ಲ್ಯಾಬಿನವರು ರೆಸಿಲಿಯನ್ಸ್ ಎನ್ನುತ್ತಾರೆ. ನನ್ನ ಪಿಎಚ್‌ಡಿ, ನನ್ನ ನೌಕರಿ, ನನ್ನ ಜಂಬ, ಮೂರೂ ಆ ಒಂದು ಪದದ ಮೇಲೆ ನಿಂತಿವೆ.

ಈಗ ಯಾರಾದರೂ "ಡಾಕ್ಟ್ರಮ್ಮ" ಎಂದರೆ ಕಿವಿ ಬಿಸಿಯಾಗುತ್ತದೆ. ಕೋಪಕ್ಕಲ್ಲ, ನಾಚಿಕೆಗೆ. ಅದಕ್ಕೆ ಕಾರಣ ಅಕ್ಕನ ಊರಿನ ಕೆರೆ.

ನಾವು ಕುಣಿಗಲ್ ಕಡೆಯವರು. ಯಡಿಯೂರಿಗೆ ಹೋಗುವ ಬಸ್ಸಿನಲ್ಲಿ ದಾರಿ ಮಧ್ಯೆ ಇಳಿದು ಒಳಕ್ಕೆ ನಡೆಯಬೇಕಾದ ಊರು. ಅಪ್ಪನಿಗೆ ನಾವಿಬ್ಬರೇ, ಅಕ್ಕ ಮತ್ತು ನಾನು. ಬೇಸಿಗೆಯಲ್ಲಿ ಕೆರೆ ಬತ್ತಿದ ಕೂಡಲೇ ಅಪ್ಪ ಗಾಡಿ ಕಟ್ಟುತ್ತಿದ್ದ. ಕೆರೆಯಂಗಳದ ಮೇಲ್ಮಣ್ಣನ್ನು, ನಮ್ಮ ಕಡೆ ಗೋಡು ಅಂತೀವಲ್ಲ ಅದನ್ನು, ಕೆತ್ತಿ ತುಂಬಿಕೊಂಡು ಬಂದು ತೆಂಗಿನ ಮರಗಳ ಬುಡಕ್ಕೆ ಸುರಿಯುವುದು. ಊರಿಗೆ ಊರೇ ಆ ಕೆಲಸದಲ್ಲಿ ಇರುತ್ತಿತ್ತು. ಗಾಡಿ ಹೋಗಲಾರದ ಕಡೆ ಮಂಕರಿಯಲ್ಲಿ ಹೊರುತ್ತಿದ್ದವರು ನಾವಿಬ್ಬರು. ಅಕ್ಕನ ಮಂಕರಿ ತುಂಬಿರುತ್ತಿತ್ತು, ನನ್ನದು ಅರ್ಧ. ಆದರೂ ಸಂಜೆಗೆ ನಾನೇ ಹೆಚ್ಚು ನರಳುತ್ತಿದ್ದೆ.

ಅಕ್ಕನನ್ನು ಗುಬ್ಬಿ ಹತ್ತಿರದ ಒಂದು ಹಳ್ಳಿಗೆ ಕೊಟ್ಟರು. ಅವಳ ಗಂಡನ ಮನೆಗೆ ಒಂದಿಷ್ಟು ತೆಂಗಿನ ತೋಟ, ಕೆರೆಯ ಏರಿ ಕೆಳಗೆ ಒಂದು ಸಣ್ಣ ಗದ್ದೆ. ನಾನು ತುಮಕೂರಿನಲ್ಲಿ ಬಾಡಿಗೆ ರೂಮಿನಲ್ಲಿದ್ದುಕೊಂಡು ಓದುತ್ತಿದ್ದಾಗ ಆ ಗದ್ದೆಯ ಅಕ್ಕಿ ತಪ್ಪದೆ ಬರುತ್ತಿತ್ತು. ಭಾವ ಬಸ್ಸಿನ ಟಾಪಿಗೆ ಹಾಕಿ ಕಳಿಸುತ್ತಿದ್ದರು, ನಾನು ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದೆ. ದಪ್ಪ ಅಕ್ಕಿ, ರೂಮಿನ ಗೆಳತಿಯರು ನಗುತ್ತಿದ್ದರು. ಆ ದಪ್ಪ ಅಕ್ಕಿಯ ಅನ್ನ ಉಂಡೇ ನಾನು ಎಂಎಸ್ಸಿ ಮುಗಿಸಿದ್ದು.

ಆಮೇಲೆ ಆ ಕೆರೆ ತುಂಬುವುದು ನಿಂತಿತು. ಮಳೆಯದೊಂದೇ ತಪ್ಪಲ್ಲ. ಹಳ್ಳದಿಂದ ಕೆರೆಗೆ ನೀರು ತರುವ ಕಾಲುವೆಯಲ್ಲಿ ಸೀಮೆಜಾಲಿ ಬೆಳೆದು, ಮಣ್ಣು ಕೂತು, ಕಾಲುವೆ ಇತ್ತು ಎನ್ನುವ ಗುರುತೇ ಹೋಗಿತ್ತು. ಭಾವ ತೀರಿಕೊಂಡ ಮೇಲೆ ತೋಟ, ಮನೆ ಎರಡನ್ನೂ ಅಕ್ಕನೇ ನೋಡಿಕೊಳ್ಳುತ್ತಿದ್ದಳು. ಗದ್ದೆಯನ್ನು ಮಾತ್ರ ಬೀಳು ಬಿಟ್ಟಿದ್ದಳು. ರಾಗಿ ಚೆಲ್ಲು ಎಂದು ಎಷ್ಟು ಜನ ಹೇಳಿದರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಅತ್ತೆ ಮಾವ ಕಟ್ಟಿದ ಬದು, ಒಂದು ಸಲ ಒಡೆದರೆ ಮತ್ತೆ ಕಟ್ಟುವವರು ಯಾರು ಎನ್ನುವುದು ಅವಳ ಮಾತು. ಕೆರೆ ತುಂಬಿದ ವರ್ಷ ನಾಟಿ ಹಾಕೇ ಹಾಕುತ್ತೇನೆ ಎಂದು ಹಟ ಹಿಡಿದು ಕೂತಿದ್ದಳು.

ಎರಡು ವರ್ಷದ ಹಿಂದೆ ಊರಿನ ಮಹಿಳಾ ಸಂಘಕ್ಕೆ ಅವಳನ್ನೇ ಮುಂದಾಳು ಮಾಡಿದರು. ಆಗ ಅವಳು ಹಿಡಿದ ಮೊದಲ ಕೆಲಸ ಇದೇ. ಉದ್ಯೋಗ ಖಾತ್ರಿಯಲ್ಲಿ ಕಾಲುವೆ ತೆಗೆಸಬೇಕು. ಹೆಂಗಸರೆಲ್ಲ ಒಪ್ಪಿದರು. ಪಂಚಾಯ್ತಿಯವರು ಮಾತ್ರ ಮೀನಮೇಷ ಎಣಿಸುತ್ತಿದ್ದರು. ಅಕ್ಕ ನನಗೆ ಫೋನ್ ಮಾಡಿದಳು.

"ಗ್ರಾಮಸಭೆ ಐತೆ ಕಣೇ. ನೀನ್ ಬಂದು ನಾಕ್ ಮಾತು ಹೇಳ್ಬುಡು. ನಮ್ ಮಾತ್ನ ಯಾರ್ ಕೇಳ್ತಾರೆ? ನೀನಾದ್ರೆ ಓದ್ದವ್ಳು."

"ನೋಡದೆ ಏನ್ ಹೇಳ್ಲಿ ಅಕ್ಕ? ಮಣ್ಣು ತಗೊಂಡ್ ಟೆಸ್ಟ್ ಮಾಡ್ಬೇಕು."

"ಮಾಡು, ಯಾರ್ ಬ್ಯಾಡ ಅಂದೋರು? ಬಂದ್ ಮಾಡು."

ಹೋದೆ. ಏಪ್ರಿಲ್ ತಿಂಗಳು, ಬಿಸಿಲು ನೆತ್ತಿ ಸುಡುತ್ತಿತ್ತು. ಕೆರೆಯಂಗಳದ ತುಂಬ ಜಾಲಿ, ಕಾಲಿಡಲು ಜಾಗವಿಲ್ಲ. ಪುಣ್ಯಕ್ಕೆ ಒಂದು ಕಡೆ ಟ್ರ್ಯಾಕ್ಟರ್ ಓಡಾಡಿ ದಾರಿಯಾಗಿತ್ತು. ಆ ದಾರಿ ಹಿಡಿದು ನಡುಗೆರೆಗೆ ಹೋದರೆ ಅಲ್ಲಿ ನೆಲ ಒರೆಸಿಟ್ಟ ಹಾಗೆ ಚೊಕ್ಕಟವಾಗಿತ್ತು. ಮುಳ್ಳಿಲ್ಲ, ಹುಲ್ಲಿಲ್ಲ. ಇಷ್ಟು ಒಳ್ಳೆಯ ಜಾಗ ಯಾವ ಕೆರೆಯಲ್ಲೂ ಸಿಕ್ಕಿರಲಿಲ್ಲ ಎಂದು ನಾನು ಖುಷಿಪಟ್ಟೆ. ಕೊಳವೆ ಚುಚ್ಚಿ ಚುಚ್ಚಿ ಮಣ್ಣು ತೆಗೆದೆ. ಅಕ್ಕ ಪಕ್ಕದಲ್ಲಿ ಛತ್ರಿ ಹಿಡಿದು ನಿಂತು, ಆಗಾಗ ಮಜ್ಜಿಗೆ ಬಗ್ಗಿಸಿ ಕೊಡುತ್ತಿದ್ದಳು. "ಎಂಥ ಕೆಲ್ಸ ಕಲ್ತ್ಕೊಂಡಿದೀಯೇ, ಮಣ್ಣು ಅಗ್ಯೋಕೆ ಅಷ್ಟೋದ್ ಬೇಕಿತ್ತಾ?" ಎಂದು ಕಿಚಾಯಿಸಿದಳು. ಇಬ್ಬರೂ ನಕ್ಕೆವು.

ಮಣ್ಣನ್ನು ತುಮಕೂರಿಗೆ ತಂದು, ತಾರಸಿಯ ಮೇಲೆ ಟಬ್ಬುಗಳಲ್ಲಿ ಹರಡಿ, ನೀರು ಹಾಕಿ ಕಾದೆ. ಇದು ನಾನು ಎಲ್ಲ ಕೆರೆಗೂ ಮಾಡುವ ಕೆಲಸ. ಬೆಳ್ಳಾವಿ ಕಡೆಯ ಕೆರೆ ಮಣ್ಣಿನಲ್ಲಿ ವಾರದೊಳಗೆ ಜೀವ ಕುಣಿಯುತ್ತಿತ್ತು. ಗೂಳೂರಿನ ಆಚೆಯ ಒಂದು ಕುಂಟೆಯ ಮಣ್ಣಂತೂ ಮೂರೇ ದಿನಕ್ಕೆ. ಅಕ್ಕನ ಕೆರೆಯ ಮಣ್ಣು ಮಾತ್ರ ಸುಮ್ಮನೆ ಕೂತಿತ್ತು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ತಾರಸಿಗೆ ಓಡಿ ಬಗ್ಗಿ ನೋಡುತ್ತಿದ್ದೆ. ಏನೂ ಇಲ್ಲ. ತಿಂಗಳು ಕಾದೆ. ನೀರು ತಿಳಿಯಾಗಿ ನಿಂತು, ಕೊನೆಗೆ ಅದರಲ್ಲಿ ಸೊಳ್ಳೆ ಮರಿಯಾಯಿತು. ಅಷ್ಟೇ.

ನಿಜ ಹೇಳುತ್ತೇನೆ, ಸಭೆಗೆ ಹೋಗುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಮೆತ್ತನೆಯ ಮಾತು. "ಈ ಸಲದ ಮಣ್ಣಿನಲ್ಲಿ ಏನೂ ಕಾಣಲಿಲ್ಲ, ಇನ್ನೊಂದು ಸಲ ನೋಡಬೇಕು, ಕಾಲುವೆ ತೆಗೆದರೆ ನಷ್ಟವೇನಿಲ್ಲ." ಬಸ್ಸಿನಲ್ಲಿ ಕೂತು ಇದನ್ನೇ ಬಾಯಿಪಾಠ ಮಾಡಿಕೊಂಡಿದ್ದೆ.

ಸ್ಕೂಲಿನ ಜಗಲಿಯಲ್ಲಿ ಸಭೆ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಮಧ್ಯೆ ಕರಕರ ಎನ್ನುವ ಮೈಕು. ಅಕ್ಕ ಹೊಸ ಸೀರೆ ಉಟ್ಟಿದ್ದಳು. ನನ್ನನ್ನು ಅವಳೇ ಪರಿಚಯ ಮಾಡಿಕೊಟ್ಟಳು. "ನಮ್ ಚಿಕ್ಕವ್ಳು" ಎನ್ನುವಾಗ ಅವಳ ಮುಖ ಊರಗಲ ಆಗಿತ್ತು. ನಾನು ಮೈಕು ಹಿಡಿದು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಯಜಮಾನರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು:

"ಮೇಡಮ್ಮೋರು ಇನ್ನೇನ್ ಹೇಳ್ತಾರೆ? ಅವ್ರಕ್ಕನ್ ಗದ್ದೆ ಐತಲ್ಲ ಏರಿ ಕೆಳ್ಗೆ."

ಗಂಡಸರ ಕಡೆ ನಗು ಎದ್ದಿತು. ನನಗೆ ಬಂತು ನೋಡಿ ಸಿಟ್ಟು. ನಾನು, ನನ್ನ ಟಬ್ಬು, ನನ್ನ ತಿಂಗಳ ಕಾಯುವಿಕೆ, ಎಲ್ಲ ಅಕ್ಕನ ಗದ್ದೆಗೋಸ್ಕರವಂತೆ! ನನ್ನ ವಿಜ್ಞಾನಕ್ಕೆ ಅಕ್ಕನೂ ಒಂದೇ, ಪಕ್ಕದ ಮನೆಯವರೂ ಒಂದೇ ಎಂದು ಅವತ್ತೇ ಅಲ್ಲೇ ತೋರಿಸಿಬಿಡಬೇಕು ಅನ್ನಿಸಿತು.

"ಅಕ್ಕನ್ ಗದ್ದೆಗೋಸ್ಕರ ಸುಳ್ಳು ಹೇಳೋಳಲ್ಲ ನಾನು. ಕೇಳ್ಕೊಳ್ಳಿ. ಈ ಕೆರೆ ಸತ್ತಿದೆ. ಇದರ ಮಣ್ಣಲ್ಲಿ ಜೀವ ಇಲ್ಲ. ನೀರು ತುಂಬಿಸಿದ್ರೂ ಇದು ಕೆರೆ ಆಗಲ್ಲ, ನೀರು ನಿಂತ ಗುಂಡಿ ಆಗುತ್ತೆ. ಕಾಲುವೆಗೆ ಹಾಕೋ ಕೂಲೀನ ಬೇರೆ ಕೆಲ್ಸಕ್ಕೆ ಹಾಕಿ."

ಕಂಬಕ್ಕೆ ಒರಗಿದ್ದವರು ಸೆಟೆದು ಕೂತರು. ಅವರ ಬಾಯಿ ಕಟ್ಟಿಸಿದೆನಲ್ಲ ಎಂದು ನನಗೆ ಒಳಗೊಳಗೇ ಎಂಥ ಸಂತೋಷ! ಥೂ, ಅದನ್ನು ನೆನೆದರೆ ಈಗಲೂ ಮೈ ಹಿಂಡಿದ ಹಾಗಾಗುತ್ತದೆ. ಆ ಹೊತ್ತಿನಲ್ಲಿ ನಾನು ಅಕ್ಕನ ಮುಖವನ್ನು ನೋಡಲೇ ಇಲ್ಲ.

ನೋಡಿದ್ದು ಸಭೆ ಮುಗಿದು ಬಸ್ ಸ್ಟಾಪಿಗೆ ನಡೆಯುವಾಗ. ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಡೆಯುತ್ತಿದ್ದಳು.

"ಗಂಗಮ್ಮನ್ನ ಹಿಡ್ದು ಸತ್ತೋಗೈತೆ ಅನ್ಬಾರ್ದಾಗಿತ್ತು ಕಣೇ. ಬಾಯಲ್ಲಿ ಹಂಗನ್ನಬಾರ್ದು."

"ಇದ್ದಿದ್ ಹೇಳ್ದೆ ಅಕ್ಕ."

"ಹೂಂ. ನೀನ್ ಹೇಳಿದ್ ಮೇಲೆ ಮುಗೀತು ಬುಡು."

ಅವಳಿಗೆ ಅದು ನಿಜವಾಗಿಯೂ ಮುಗಿಯಿತು. ನನ್ನ ಮೇಲೆ ಅವಳಿಗೆ ಎಷ್ಟು ನಂಬಿಕೆ ಎಂದರೆ, ಸಂಘದ ಹೆಂಗಸರು ಆದರೂ ಕಾಲುವೆ ತೆಗೆಸೋಣ ಎಂದಾಗ ಅವಳೇ ಬೇಡ ಎಂದು ತಡೆದಳು. ಆ ವರ್ಷದ ಕೂಲಿ ಕೆಲಸ ಯಾವುದೋ ಬೀದಿಯ ಚರಂಡಿಗೆ ಹೋಯಿತು. ಅದಾದ ಮೇಲೆ ಅವಳು ಗದ್ದೆಗೆ ಟ್ರ್ಯಾಕ್ಟರ್ ಬಿಟ್ಟು, ಅತ್ತೆ ಮಾವ ಕಟ್ಟಿದ ಬದುಗಳನ್ನು ಒಡೆಸಿ, ನೆಲ ಮಟ್ಟ ಮಾಡಿಸಿ, ರಾಗಿ ಚೆಲ್ಲಿದಳು. ಫೋನಿನಲ್ಲಿ ಇದನ್ನು ಹೇಳಿದಾಗ ನಾನು, "ಒಳ್ಳೇದಾಯ್ತು ಬಿಡು, ಈಗ್ಲಾದ್ರೂ ಬುದ್ಧಿ ಬಂತಲ್ಲ" ಎಂದೆ. ಹೌದು, ಹಾಗೇ ಅಂದೆ.

ಆ ವರ್ಷವೇ ಮಳೆ ಹುಯ್ಯಿತು. ಹುಯ್ಯಿತು ಎಂದರೆ ಸಾಲದು, ಸುರಿದು ಹಾಕಿತು. ಗುಬ್ಬಿ ಕಡೆ, ಕುಣಿಗಲ್ ಕಡೆ, ಒಂದಾದ ಮೇಲೆ ಒಂದು ಕೆರೆ ಕೋಡಿ ಬಿದ್ದವು. ಕೋಡಿ ನೀರು ನೋಡಲು ಜನ ಕಾರು, ಬೈಕು ಕಟ್ಟಿಕೊಂಡು ಬಂದರು. ಏರಿ ಮೇಲೆ ಮುಸುಕಿನ ಜೋಳ ಸುಡುವವರು, ರೀಲ್ಸ್ ಮಾಡುವವರು, ಮೊರದಲ್ಲಿ ಬಾಗಿನ ತಂದು ಗಂಗಮ್ಮನಿಗೆ ಬಿಡುವ ಹೆಂಗಸರು. ನಮ್ಮ ಲ್ಯಾಬಿನಲ್ಲೂ ಸಂಭ್ರಮವೋ ಸಂಭ್ರಮ. ಒಂದು ದಿನ ಅಕ್ಕನಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಕೋಡಿಯ ಮೇಲೆ ನೀರು ಬಿಳಿ ಹಾಸಿನ ಹಾಗೆ ಬೀಳುತ್ತಿದೆ, ಜನ ಶಿಳ್ಳೆ ಹೊಡೆಯುತ್ತಿದ್ದಾರೆ. ನಾನು ಕೂಡಲೇ ಫೋನ್ ಮಾಡಿದೆ.

"ಅಕ್ಕ, ನಿಮ್ ಕೆರೆ ಕೋಡಿ ಬಿತ್ತಾ?"

"ಇಲ್ಲ ಕಣೇ. ಅದು ಕೆಳಗಲೂರಿನ್ ಕೆರೆ. ನೀರು ಮಾತ್ರ ನಮ್ದು."

ಹಳ್ಳದ ನೀರು ಕಾಲುವೆಯ ಬಾಯಿಗೆ ಬಂದು, ಅಲ್ಲಿ ಜಾಲಿ ಮತ್ತು ಮಣ್ಣಿನ ದಿಬ್ಬಕ್ಕೆ ಬಡಿದು, ಪಕ್ಕದ ದಡ ಕಿತ್ತುಕೊಂಡು ಕೆಳಗಿನ ಊರಿಗೆ ಹರಿದುಹೋಗಿತ್ತು. ಅಕ್ಕನ ಕೆರೆಗೆ ಬಿದ್ದದ್ದು ನೆತ್ತಿಯ ಮೇಲಿನ ಮಳೆಯಷ್ಟೇ, ತೂಬಿನ ಹತ್ತಿರ ಮೊಣಕಾಲುದ್ದ ನೀರು. ಬೇಜಾರಾಯಿತು ನಿಜ. ಆದರೆ ಆಗಲೂ ನನ್ನೊಳಗೆ ಒಂದು ದರಿದ್ರ ಸಮಾಧಾನ ಇತ್ತು. ತುಂಬಿದ್ದರೂ ಅದು ಸತ್ತ ಕೆರೆ ತಾನೇ, ನಾನು ಹೇಳಿದ್ದು ಸುಳ್ಳಾಗಲಿಲ್ಲವಲ್ಲ ಎಂದು.

ಆಯುಧಪೂಜೆ ಕಳೆದ ಮೇಲೆ ಅಕ್ಕನ ಮನೆಗೆ ಹೋದೆ. ಬೆಳಿಗ್ಗೆ ಅವಳು ಹಾಲು ಕರೆಯುತ್ತಿದ್ದಳು, ನಾನು ಬಿದ್ದ ಕಾಯಿ ಆರಿಸುತ್ತೇನೆ ಎಂದು ತೋಟಕ್ಕೆ ಇಳಿದೆ. ಮರಗಳ ಬುಡದ ಪಾತಿಗಳಲ್ಲೆಲ್ಲ ಮಳೆ ನೀರು ನಿಂತಿತ್ತು. ಕೆಸರಾದ ಕಾಲು ತೊಳೆಯಲು ಒಂದು ಪಾತಿಗೆ ಬಗ್ಗಿದೆ. ನೀರು ಚುಳುಚುಳು ಎನ್ನುತ್ತಿತ್ತು. ಮಳೆ ಹನಿಯೇನೋ ಎಂದು ತಲೆ ಎತ್ತಿದರೆ ಆಕಾಶ ತಿಳಿಯಾಗಿದೆ. ಮತ್ತೆ ನೋಡಿದೆ. ಒಂದು ಕರಟ ಹುಡುಕಿ, ನೀರು ಮೊಗೆದು, ಬಿಸಿಲಿಗೆ ಹಿಡಿದೆ.

ನೀರುಚಿಗಟ. ಕರಟದ ತುಂಬ. ಸಾಸಿವೆಗಿಂತ ಸಣ್ಣವು, ಕೆಂಪಗೆ, ಮೇಲೆ ಕೆಳಗೆ ಕುಪ್ಪಳಿಸುತ್ತಿವೆ. ಕೆರೆಯಲ್ಲಿ ಇರಬೇಕಾದವು. ತಾರಸಿಯ ಟಬ್ಬಿನಲ್ಲಿ ತಿಂಗಳಿಡೀ ನಾನು ಕಾದು ಕೂತಿದ್ದು ಇವುಗಳಿಗೇ.

ಪಕ್ಕದ ಪಾತಿಗೆ ಹೋದೆ, ಅಲ್ಲೂ. ಅದರಾಚೆಯದರಲ್ಲೂ. ತೋಟದ ಕೊನೆಯ ಸಾಲಿಗೆ ಹೋದಾಗ ಇರಲಿಲ್ಲ. ಅಲ್ಲಿ ಮಣ್ಣಿನ ಬಣ್ಣ ಬೇರೆ, ತೋಟದ ಕೆಂಪು ಮಣ್ಣು. ಜೀವ ಇದ್ದ ಪಾತಿಗಳಲ್ಲೆಲ್ಲ ಕಪ್ಪು ಮಣ್ಣು, ಒಡೆದ ಬಸವನಹುಳದ ಚಿಪ್ಪು ಬೆರೆತ ಮಣ್ಣು. ಗೋಡು.

ನಡುಗೆರೆಯ ಆ ಚೊಕ್ಕಟ ನೆಲ ಕಣ್ಣ ಮುಂದೆ ಬಂತು. ಒರೆಸಿಟ್ಟ ಹಾಗೆ ಯಾಕಿತ್ತು ಅದು? ಟ್ರ್ಯಾಕ್ಟರ್ ಕೆರೆಯಂಗಳದೊಳಕ್ಕೆ ಯಾಕೆ ಓಡಾಡಿತ್ತು, ನನಗೆ ದಾರಿ ಮಾಡಿಕೊಡುವುದಕ್ಕಾ? ನಾನು ಹೋಗುವ ಮುಂಚೆಯೇ ಊರವರು ಅಲ್ಲಿ ಗೋಡು ಹೊಡೆದಿದ್ದರು. ಮೇಲ್ಪದರವೇ ಎದ್ದು ತೋಟಗಳಿಗೆ ಹೋಗಿತ್ತು, ಮೊಟ್ಟೆಗಳೆಲ್ಲ ಅದರ ಜೊತೆ ಹೋಗಿದ್ದವು. ನಾನು ಕೊಳವೆ ಚುಚ್ಚಿದ್ದು ಕೆತ್ತಿ ಉಳಿದ ಬರಿ ನೆಲಕ್ಕೆ. ಇದು ಬೇರೆ ಸೀಮೆಯಿಂದ ಬಂದವರಿಗೆ ಗೊತ್ತಾಗದಿದ್ದರೆ ಕ್ಷಮೆ ಇದೆ. ಮಂಕರಿಯಲ್ಲಿ ಗೋಡು ಹೊತ್ತು ನೆತ್ತಿ ಬೋಳು ಮಾಡಿಕೊಂಡ ನನಗೆ ಗೊತ್ತಾಗಲಿಲ್ಲವೆಂದರೆ! ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅದು ಏನೆಂದು ಅವತ್ತು ತಿಳಿಯಿತು. ಕರಟವನ್ನು ಪಾತಿಯ ಪಕ್ಕ ಇಟ್ಟು ಅಲ್ಲೇ ಕುಕ್ಕರಿಸಿದೆ.

ಅಕ್ಕ ಹಾಲಿನ ಚೊಂಬು ಹಿಡಿದುಕೊಂಡೇ ಹುಡುಕಿಕೊಂಡು ಬಂದಳು. "ಏನೇ, ಕಾಯಿ ಆರ್ಸೋಕ್ ಬಂದು ಕೂತ್ಬುಟ್ಟಿದೀಯ? ತಲೆ ಸುತ್ತು ಬಂತಾ?"

ಎಲ್ಲ ಹೇಳಿದೆ. ಮೊಟ್ಟೆ, ಮೇಲ್ಪದರ, ಗೋಡು, ನಾನು ಮಣ್ಣು ತೆಗೆದ ಜಾಗ. ಕರಟವನ್ನೂ ತೋರಿಸಿದೆ. ಅವಳು ಬಗ್ಗಿ ಬಹಳ ಹೊತ್ತು ನೋಡಿದಳು.

"ಇದಾ? ಇದು ಇದ್ರೆ ಕೆರೆ ಬದ್ಕೈತೆ ಅಂತಲಾ?"

"ಹೂಂ."

"ಅಂದ್ರೆ ಸತ್ತಿರ್ಲಿಲ್ಲ."

"ಇರ್ಲಿಲ್ಲ ಅಕ್ಕ. ಜಾಲಿ ಒಳಗೆ, ಕೆತ್ತದೇ ಇದ್ದ ಕಡೆ, ಇನ್ನೂ ಎಷ್ಟೋ ಇದ್ದಿರ್ಬೇಕು."

"ಎಲ್ಲಿ ಇರ್ತದೆ?" ಎಂದಳು. ಅವಳ ದನಿ ಬದಲಾಗಿತ್ತು. "ನೀನು ಸತ್ತೋಗೈತೆ ಅಂದ್ಮೇಲೆ ಊರೋರೆಲ್ಲ ಜಾಲಿ ಸುಟ್ಟು ಇದ್ದಬದ್ದ ಗೋಡನ್ನೂ ಹೊಡ್ಕೊಂಡ್ರು. ಸತ್ತ್ ಕೆರೆ, ಗೋಡಾದ್ರೂ ಬರ್ಲಿ ಅಂತ. ನಾನೂ ಹೊಡುಸ್ದೆ. ಈ ಸಾಲೆಲ್ಲ ಆಮೇಲೆ ಹಾಕ್ಸಿದ್ದು."

ಅವಳು ಚೊಂಬನ್ನು ಕೆಳಗಿಟ್ಟಳು.

"ಅಪ್ಪನ್ ಜೊತೆ ಗೋಡು ಹೊತ್ತೋರು ನಾವಿಬ್ರೇ ಅಲ್ವೇನೇ? ಕೆತ್ತಿದ್ ನೆಲ ಹೆಂಗಿರ್ತದೆ ಅಂತ ನಿಂಗ್ ಕಾಣ್ಲಿಲ್ವಾ? ನಂಗೇನೋ ನಿನ್ ಮೊಟ್ಟೆ ಗಿಟ್ಟೆ ಗೊತ್ತಿಲ್ಲ, ನಾನು ಪಕ್ಕದಲ್ಲೇ ಛತ್ರಿ ಹಿಡ್ಕಂಡು ನಿಂತಿದ್ದೆ. ನೀನ್ ಅಗೀತಿದೀಯ, ಅಗೀಲಿ ಅಂತ."

ಅತ್ತುಬಿಟ್ಟೆ. ಅಳುವುದು ಸುಲಭ, ಅದಕ್ಕೇ ಅತ್ತೆ ಅನ್ನಿಸುತ್ತದೆ. ಅಕ್ಕ ಸಮಾಧಾನ ಮಾಡಲಿಲ್ಲ. ಚಿಕ್ಕಂದಿನಲ್ಲಿ ನಾನು ಅತ್ತರೆ ತಟ್ಟನೆ ಸೆರಗು ಎತ್ತಿಕೊಂಡು ಬರುತ್ತಿದ್ದವಳು ಅವತ್ತು ಚೊಂಬು ಎತ್ತಿಕೊಂಡು ಮನೆ ಕಡೆ ನಡೆದಳು. ಮಧ್ಯಾಹ್ನ ಊಟಕ್ಕೆ ಕರೆದಳು, ಬಡಿಸಿದಳು, ಸಾರು ಸಾಕಾ ಎಂದು ಕೇಳಿದಳು. ಬೇರೆ ಮಾತಿಲ್ಲ. ಸಂಜೆ ಗದ್ದೆ ಹತ್ತಿರ ಹೋಗಿ ನೋಡಿದೆ. ಏರಿಯಿಂದ ಜಿನುಗಿದ ನೀರು ತಗ್ಗಿನಲ್ಲಿ ನಿಂತು ರಾಗಿ ಪೈರು ಹಳದಿಯಾಗಿ ಮಲಗಿತ್ತು. ಬತ್ತವಾಗಿದ್ದರೆ ಆ ನೀರಿನಲ್ಲಿ ನಗುತ್ತ ನಿಂತಿರುತ್ತಿತ್ತು. ನಿಲ್ಲಿಸಿಕೊಳ್ಳಲು ಬದು ಇರಲಿಲ್ಲ.

ತುಮಕೂರಿಗೆ ಬಂದ ಮೇಲೆ ಲ್ಯಾಬಿನಲ್ಲಿ ವಿಷಯ ಹೇಳಿದೆ. ಅಲ್ಲಿನವರು ನಕ್ಕರು. ಮಣ್ಣು ತೆಗೆಯುವಾಗ ಎಲ್ಲರಿಗೂ ಒಂದಲ್ಲ ಒಂದು ಸಲ ಹೀಗಾಗುತ್ತದೆ, ಆ ಕೆರೆಯನ್ನು ಲೆಕ್ಕದಿಂದ ಬಿಟ್ಟುಬಿಡಿ ಎಂದರು. ಅವರ ಮಟ್ಟಿಗೆ ಅದು ಅಷ್ಟೇ. ಬಿಟ್ಟುಬಿಡಬಹುದಾದ ಒಂದು ಕೆರೆ. ನನಗೆ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ಕಂಡರೆ ಸಾಕು, ಮುಖ ಬೇರೆ ಕಡೆ ತಿರುಗುತ್ತಿತ್ತು. ಅಕ್ಕ ಫೋನ್ ಮಾಡುವುದನ್ನು ನಿಲ್ಲಿಸಿರಲಿಲ್ಲ. ಹಸು ಕರು ಹಾಕಿತು, ಕೊಬ್ಬರಿ ಒಣಗುತ್ತಿಲ್ಲ, ಇಂಥವೇ ಸುದ್ದಿ. ಕೆರೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಅವಳು ಬೈದುಬಿಟ್ಟರೆ ಸಾಕು ಎಂದು ನಾನು ಕಾಯುತ್ತಿದ್ದೆ, ಅವಳು ಬೈಯಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಮತ್ತೆ ಗ್ರಾಮಸಭೆ ಇದೆ ಎಂದು ಬೇರೆಯವರಿಂದ ಗೊತ್ತಾಯಿತು. ಅಕ್ಕ ಕರೆಯಲಿಲ್ಲ. ನಾನೇ ಹೋದೆ.

ಅದೇ ಜಗಲಿ, ಅದೇ ಕರಕರ ಮೈಕು. ಅಕ್ಕ ಹೆಂಗಸರ ನಡುವೆ ಕೂತಿದ್ದಳು. ನನ್ನನ್ನು ಕಂಡು ಹುಬ್ಬು ಎತ್ತಿದಳು, ಅಷ್ಟೇ. ಸಂಘಕ್ಕೆ ಅವಳು ಈಗ ಮುಂದಾಳಲ್ಲ, ಬೇರೆಯವರನ್ನು ಮಾಡಿದ್ದರು ಎನ್ನುವುದು ಆ ಜಗಲಿಗೆ ಬಂದ ಮೇಲೆಯೇ ನನಗೆ ತಿಳಿದದ್ದು. ಕೆಳಗಲೂರಿಗೆ ನೀರು ಹೋದ ಸಿಟ್ಟು ಯಾರ ಮೇಲಾದರೂ ತೀರಬೇಕಿತ್ತು. ತುಮಕೂರಿನಲ್ಲಿರುವ ನನ್ನ ಮೇಲೆ ತೀರಿಸಿಕೊಳ್ಳುವುದಕ್ಕಾಗುತ್ತದಾ? ಇದನ್ನು ಫೋನಿನಲ್ಲಿ ಅವಳು ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಅಧ್ಯಕ್ಷರನ್ನು ಕೇಳಿ ಮೈಕು ತೆಗೆದುಕೊಂಡೆ.

"ಹೋದ್ಸಲ ನಾನು ಕೆರೆ ಸತ್ತಿದೆ ಅಂದೆ. ತಪ್ಪು ಹೇಳ್ದೆ. ಗೋಡು ಹೊಡ್ದಿದ್ ಜಾಗದಲ್ಲಿ ಮಣ್ಣು ತೆಗೆದು ನೋಡ್ದೆ. ಅದು ನಂಗೆ ತಿಳೀಬೇಕಿತ್ತು. ಕಾಲುವೆ ನಿಂತಿದ್ದು ನನ್ನಿಂದ, ನಮ್ಮಕ್ಕನಿಂದ ಅಲ್ಲ."

ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಯಾರೂ ಬೈಯಲಿಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಕಂಬಕ್ಕೆ ಒರಗುವ ಯಜಮಾನರು ಇವತ್ತೂ ಕಂಬಕ್ಕೇ ಒರಗಿದ್ದರು.

"ಓಹೋ, ಸತ್ತಿರೋದು ಎದ್ದು ಕೂತ್ಬುಡ್ತು ಅನ್ನಿ ಡಾಕ್ಟ್ರಮ್ಮ" ಎಂದರು. ಜಗಲಿಗೆ ಜಗಲಿಯೇ ನಕ್ಕಿತು. ನಗು ನಿಂತ ಮೇಲೆ ಅವರೇ ಕೇಳಿದರು, ಈ ಸಲ ಕುಚೋದ್ಯವಿಲ್ಲದೆ. "ಸರಿ, ಈಗ ಹೇಳಿ. ಇದ್ದಿದ್ ಗೋಡೆಲ್ಲ ಹೊಡ್ದಾಗೈತೆ. ಕಾಲ್ವೆ ತೆಗುದ್ರೆ ಕೆರೆ ಮೊದ್ಲಿನಂಗಾಗ್ತದಾ?"

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಆಗುತ್ತದೆ ಎಂದುಬಿಡೋಣ ಎನ್ನುವ ಆಸೆ ಗಂಟಲವರೆಗೂ ಬಂತು. ಹಾಗೆ ಅಂದರೆ ಅಕ್ಕನ ಮರ್ಯಾದೆ ತಿರುಗಿ ಬರುತ್ತಿತ್ತೇನೋ. ತೋಟಗಳಿಂದ ಒಂದಿಷ್ಟು ಗೋಡು ವಾಪಸ್ ತಂದು ಹಾಕಿದರೆ ಮತ್ತೆ ಶುರುವಾಗಬಹುದು, ಅದೂ ಆಗದೆ ಇರಬಹುದು. ಎಷ್ಟು ಉಳಿದಿದೆ, ಎಷ್ಟು ಬೇಕು, ನನಗೆ ತಿಳಿಯದು.

"ಗೊತ್ತಿಲ್ಲ" ಎಂದೆ. ಮೈಕಿನಲ್ಲಿ ಅದು ತುಂಬ ಜೋರಾಗಿ ಕೇಳಿಸಿತು. "ನೀರು ಬಂದ್ರೆ ಬರ್ಬೋದು. ಖಂಡಿತ ಅಂತ ಹೇಳೋಕೆ ನಂಗೆ ಗೊತ್ತಿಲ್ಲ."

ಇಷ್ಟು ಓದಿ ಗೊತ್ತಿಲ್ಲ ಅಂತಾರಲ್ಲಪ್ಪ ಎಂದು ಯಾರೋ ಗೊಣಗಿದರು. ನನ್ನ ಮುಖ ಕಾದ ಹೆಂಚಾಗಿತ್ತು. ಅಷ್ಟರಲ್ಲಿ ಸಂಘದ ಹೊಸ ಮುಂದಾಳು ಎದ್ದು, "ಅವ್ರಿಗೆ ಗೊತ್ತಿಲ್ದಿದ್ರೆ ಗೊತ್ತಿಲ್ಲ. ನೀರಾದ್ರೂ ನಮ್ದು ನಮ್ಗೆ ಬರ್ಲಿ, ಕಾಲ್ವೆ ತೆಗ್ಸಿ" ಎಂದಳು. ಹೆಂಗಸರ ಕಡೆಯ ಕೈಗಳೆಲ್ಲ ಮೇಲೆದ್ದವು. ಆಮೇಲೆ ಗಂಡಸರದೂ. ಅಕ್ಕನ ಕೈಯೂ ಎದ್ದಿತು. ಅಧ್ಯಕ್ಷರು ಬರೆದುಕೊಳ್ಳಿ ಎಂದು ಕಾರ್ಯದರ್ಶಿಗೆ ಹೇಳಿದರು. ನೋಡುನೋಡುತ್ತಲೇ ಮುಗಿದುಹೋಯಿತು, ನಾನು ಬಾಯಿ ಹಾಕದಿದ್ದರೆ ಇದೇ ಮಾತು ಆವತ್ತೂ ಹೀಗೇ ಮುಗಿಯುತ್ತಿತ್ತು.

ಬಸ್ ಸ್ಟಾಪಿಗೆ ಅಕ್ಕ ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು, ಕೈಯಲ್ಲಿ ಒಂದು ಬಟ್ಟೆ ಚೀಲ. ಯಾವಾಗಲೂ ಹೊರಡುವಾಗ ಅದರಲ್ಲಿ ತೆಂಗಿನಕಾಯಿ, ಹುರುಳಿಕಾಳು ಏನಾದರೂ ಇರುತ್ತದೆ. ಇವತ್ತೂ ಅದೇ ಇರಬೇಕು ಎಂದುಕೊಂಡು ಕೈ ಚಾಚಿದೆ. ಭಾರವಾಗಿತ್ತು. ಬಾಯಿ ಬಿಚ್ಚಿ ನೋಡಿದರೆ ಕಪ್ಪು ಮಣ್ಣು, ಒಣಗಿದ ಪಾತಿಯ ಗೋಡು.

"ತಗೊಂಡೋಗಿ ಸರಿಯಾಗಿ ನೋಡು" ಎಂದಳು. "ನೋಡಾದ್ಮೇಲೆ ಎಲ್ಲೋ ಚೆಲ್ಬುಟ್ಟೀಯ ಮತ್ತೆ. ವಾಪಸ್ ತಂದ್ ಕೆರೆಗ್ ಹಾಕು. ಅದು ಕೆರೇದು."

"ಹೂಂ ಅಕ್ಕ."

ಬಸ್ಸು ತಿರುವಿನಲ್ಲಿ ಕಾಣಿಸಿತು. ಅವಳು ಕೈ ಅಡ್ಡ ಹಾಕಿ ನಿಲ್ಲಿಸಿದಳು. ನಾನು ಹತ್ತಿ ಕಿಟಕಿ ಪಕ್ಕ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಸಭೆಯಲ್ಲಿ ತಪ್ಪು ಒಪ್ಪಿಕೊಂಡೆನಲ್ಲ, ಇನ್ನಾದರೂ ಅವಳ ಮುಖ ಸಡಿಲವಾಗಬಹುದು ಎಂದು ಆಸೆಯಿಂದ ಅವಳನ್ನೇ ನೋಡುತ್ತಿದ್ದೆ. ಅವಳು ಕಿಟಕಿಯ ಸರಳು ಹಿಡಿದುಕೊಂಡು, ಬೈಗುಳವಿಲ್ಲದ, ದಣಿದ ದನಿಯಲ್ಲಿ ಕೇಳಿದಳು:

"ಗೊತ್ತಿಲ್ಲ ಅಂತ ಇವತ್ ಅಂದ್ಯಲ್ಲ, ಆ ಒಂದ್ ಮಾತು ಹೋದ್ಸಲಾನೇ ಅಂದಿದ್ರೆ ಸಾಕಾಗಿತ್ತಲ್ಲೇ?"

ಕಂಡಕ್ಟರ್ ಸೀಟಿ ಊದಿದ. ಅವಳು ಸರಳು ಬಿಟ್ಟಳು. ನಾನು ಮಣ್ಣಿನ ಚೀಲ ಹಿಡಿದು ಕೂತಿದ್ದೆ, ಬಸ್ಸು ಗುಬ್ಬಿ ದಾಟಿದರೂ ಅದನ್ನು ಕೆಳಗಿಡಲಿಲ್ಲ.